ರೈನ್ ಮತ್ತು ಡ್ಯಾನ್ಯೂಬ್: ನದೀವಿಹಾರವನ್ನು ಆರಿಸುವ ಮುನ್ನ ಒಂದಿಷ್ಟು ಇತಿಹಾಸ

ಯೂರೋಪಿನ ನದಿಗಳ ಮೇಲೆ ಐಷಾರಾಮಿ ನೌಕೆಯಲ್ಲಿ ವಾರಗಟ್ಟಲೆ ವಿಹರಿಸುವ ಪ್ರವಾಸಗಳು ಈಗ ನಮ್ಮಂತಹ ನಿವೃತ್ತರ ಮಾತುಕತೆಯಲ್ಲಿಯೂ ಸುಳಿದಾಡತೊಡಗಿವೆ. ವಿದೇಶದಲ್ಲಿ ನೆಲೆಸಿದ ಮಕ್ಕಳು ಟಿಕೆಟ್ಟಿನ ಪ್ರಸ್ತಾಪವೆತ್ತುತ್ತಾರೆ, ಪ್ರವಾಸ ಸಂಸ್ಥೆಗಳ ನುಣುಪು ಕಾಗದದ ಪುಸ್ತಿಕೆಗಳು ಮನೆಗೆ ಬರುತ್ತವೆ. ಪರಿಚಿತ ದಂಪತಿಗಳೊಬ್ಬರು ಅಂತಹ ಎರಡು ಪುಸ್ತಿಕೆಗಳನ್ನು ನನ್ನ ಕೈಗಿತ್ತು, "ಮೇಷ್ಟ್ರೇ, ನೀವು ಇತಿಹಾಸ ಭೂಗೋಳ ಪಾಠ ಮಾಡಿದವರು. ರೈನೋ, ಡ್ಯಾನ್ಯೂಬೋ? ಹೋಗುವುದು ಒಂದೇ ಸಲ, ಹೇಳಿಬಿಡಿ" ಎಂದರು. ಜೀವಮಾನದ ಉಳಿತಾಯದ ದೊಡ್ಡ ಪಾಲೊಂದು ಈ ಉತ್ತರವನ್ನು ಅವಲಂಬಿಸಿದ್ದರಿಂದ ಅದನ್ನು ಹಗುರವಾಗಿ ಹೇಳುವಂತಿರಲಿಲ್ಲ. ಪುಸ್ತಿಕೆಗಳಲ್ಲಿ ಹಾಸಿಗೆ, ಭೋಜನ, ಸ್ನಾನಗೃಹಗಳ ವರ್ಣನೆ ಹೇರಳವಾಗಿತ್ತು. ನದಿಯ ಕುರಿತು ಇದ್ದುದು ನಾಲ್ಕೇ ಸಾಲು. ಆ ಕೊರತೆಯನ್ನು ತುಂಬುವುದು ಈ ಬರಹದ ಉದ್ದೇಶ.

ಮೊದಲು ರೈನ್. ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ ಸುಮಾರು 1,230 ಕಿ.ಮೀ. ಹರಿದು ಉತ್ತರ ಸಮುದ್ರವನ್ನು ಸೇರುವ ಈ ನದಿ ಮಧ್ಯಯುಗದಲ್ಲಿ ವರ್ತಕರ ಪಾಲಿಗೆ ಸುಂಕದ ಸಾಲುಮನೆಯಾಗಿತ್ತು. ಇಂದು ಪ್ರವಾಸಿಗರು ಮೆಚ್ಚಿ ಛಾಯಾಚಿತ್ರ ತೆಗೆಯುವ ದಡದ ಕೋಟೆಗಳಲ್ಲಿ ಹಲವು, ಹಾದುಹೋಗುವ ದೋಣಿಗಳಿಂದ ಹಣ ವಸೂಲಿ ಮಾಡುವುದಕ್ಕೆ ನೆರವಾದವು. ಕೌಬ್ ಎಂಬ ಊರಿನೆದುರು ನದಿಯ ನಡುಬಂಡೆಯ ಮೇಲೆ ಹಡಗಿನ ಆಕಾರದಲ್ಲಿ ನಿಂತಿರುವ ಫಾಲ್ಜ್‌ಗ್ರಾಫೆನ್‌ಸ್ಟೈನ್ ಕೋಟೆಯನ್ನು 14ನೆಯ ಶತಮಾನದಲ್ಲಿ ಕಟ್ಟಿಸಿದ್ದೇ ಸುಂಕಕ್ಕಾಗಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಗಾದೆ ನಮ್ಮದಾದರೂ, ಅದರ ಅರ್ಥ ರೈನ್ ನದಿಯ ಅಂಬಿಗರಿಗೆ ಚೆನ್ನಾಗಿ ತಿಳಿದಿತ್ತು.

ಈ ಕಟ್ಟು ಸಡಿಲಗೊಂಡದ್ದು ನೆಪೋಲಿಯನ್ನನ ಪತನದ ಕಾಲದಲ್ಲಿ. 1815ರ ವಿಯೆನ್ನಾ ಸಮ್ಮೇಳನವೆಂದರೆ ರಾಜರು ಭೂಪಟವನ್ನು ಹಂಚಿಕೊಂಡ ಸಭೆಯೆಂದೇ ನಾವು ತರಗತಿಯಲ್ಲಿ ಬೋಧಿಸುತ್ತಿದ್ದೆವು. ಹಲವು ರಾಷ್ಟ್ರಗಳ ನಡುವೆ ಹರಿಯುವ ನದಿಯಲ್ಲಿ ಸಂಚಾರ ಮುಕ್ತವಾಗಿರಬೇಕೆಂಬ ತತ್ತ್ವವನ್ನು ಅದೇ ಸಭೆ ಒಪ್ಪಿಕೊಂಡಿತೆಂಬ ಮಾತು ಪಠ್ಯಪುಸ್ತಕದಲ್ಲಿ ಅಂಚಿಗೆ ಸರಿದಿತ್ತು. ಅದರ ಫಲವಾಗಿ ರಚನೆಗೊಂಡ ರೈನ್ ನೌಕಾಸಂಚಾರದ ಕೇಂದ್ರ ಆಯೋಗವು ಇಂದಿಗೂ ಸ್ಟ್ರಾಸ್‌ಬರ್ಗ್ ನಗರದಲ್ಲಿ ಕಾರ್ಯನಿರತವಾಗಿದೆ. ಜಗತ್ತಿನಲ್ಲಿ ಈಗಲೂ ಜೀವಂತವಾಗಿರುವ ಅತ್ಯಂತ ಹಳೆಯ ಅಂತರರಾಷ್ಟ್ರೀಯ ಸಂಸ್ಥೆ ಇದೇ. 1868ರ ಮಾನ್‌ಹೈಮ್ ಒಪ್ಪಂದವು ಸುಂಕರಹಿತ ಸಂಚಾರವನ್ನು ದೃಢಪಡಿಸಿತು. ಅಷ್ಟರಲ್ಲಿ ಟುಲ್ಲಾ ಎಂಬ ಎಂಜಿನಿಯರ್ 1817ರಲ್ಲಿ ಆರಂಭಿಸಿದ್ದ ಕಾಮಗಾರಿಯಿಂದ ಮೇಲಣ ರೈನ್ ನದಿಯ ಅಂಕುಡೊಂಕುಗಳು ನೇರಗೊಂಡು, ನದಿಯ ಉದ್ದವೇ ಸುಮಾರು 80 ಕಿ.ಮೀ.ಯಷ್ಟು ಕುಗ್ಗುತ್ತಲಿತ್ತು.

ದಾರಿ ತೆರೆದೊಡನೆ ಪ್ರವಾಸಿಗರು ಬಂದರು. 1827ರಲ್ಲಿ ಕಲೋನ್ ಮತ್ತು ಮೈನ್ಸ್ ನಗರಗಳ ನಡುವೆ ಕ್ರಮಬದ್ಧವಾದ ಉಗಿದೋಣಿ ಸೇವೆ ಆರಂಭಗೊಂಡಿತು. ಕೊಬ್ಲೆಂಜ್ ಪಟ್ಟಣದ ಪ್ರಕಾಶಕ ಕಾರ್ಲ್ ಬೇಡೆಕರ್ ರೈನ್ ಪ್ರವಾಸದ ಮಾರ್ಗದರ್ಶಿಯೊಂದನ್ನು ಪರಿಷ್ಕರಿಸಿ ಹೊರತಂದು, ಮುಂದೆ ಪ್ರವಾಸಿ ಕೈಪಿಡಿಗೆ ತನ್ನ ಹೆಸರೇ ಪರ್ಯಾಯಪದವಾಗುವಂತೆ ಮಾಡಿದನು. ಇನ್ನು ಲೋರೆಲೈ ಬಂಡೆಯ ಮೇಲೆ ಕುಳಿತು ಹಾಡಿ ಅಂಬಿಗರನ್ನು ಮರುಳುಗೊಳಿಸುವ ಸುಂದರಿಯ ಕಥೆ. ಅದು ಪುರಾತನ ಐತಿಹ್ಯವೆಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಆಕೆ 1801ರಲ್ಲಿ ಕ್ಲೆಮೆನ್ಸ್ ಬ್ರೆಂಟಾನೋ ಎಂಬ ಕವಿಯ ಕಲ್ಪನೆಯಲ್ಲಿ ಹುಟ್ಟಿದವಳು. ಹೈನ್ರಿಕ್ ಹೈನೆಯ ಕವಿತೆಯಿಂದ ಲೋಕಪ್ರಸಿದ್ಧಳಾದವಳು.

ಡ್ಯಾನ್ಯೂಬ್ ನದಿಯ ಜಾಯಮಾನವೇ ಬೇರೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದಿಂದ ಕಪ್ಪು ಸಮುದ್ರದವರೆಗೆ ಸುಮಾರು 2,850 ಕಿ.ಮೀ. ಹರಿಯುವ ಈ ನದಿ ಹತ್ತು ದೇಶಗಳನ್ನು ಸ್ಪರ್ಶಿಸುತ್ತದೆ; ಜಗತ್ತಿನ ಬೇರಾವ ನದಿಗೂ ಈ ಹಿರಿಮೆಯಿಲ್ಲ. ರೋಮನ್ ಸಾಮ್ರಾಜ್ಯಕ್ಕೆ ಇದು ಗಡಿ, ಹ್ಯಾಬ್ಸ್‌ಬರ್ಗ್ ಅರಸರಿಗೂ ತುರ್ಕರಿಗೂ ರಣರಂಗ, ಎರಡನೆಯ ಮಹಾಯುದ್ಧದ ನಂತರ ಪೂರ್ವ ಪಶ್ಚಿಮಗಳನ್ನು ಬೇರ್ಪಡಿಸಿದ ಉಕ್ಕಿನ ಪರದೆಗೆ ಸಿಲುಕಿದ ಜಲಮಾರ್ಗ. 1999ರಲ್ಲಿ ನ್ಯಾಟೋ ದಾಳಿಗೆ ನೋವಿ ಸಾಡ್ ನಗರದ ಸೇತುವೆಗಳು ಕುಸಿದು ಬಿದ್ದಾಗ ನದಿಯೇ ಮುಚ್ಚಿಹೋಯಿತು. ಸಂಚಾರ ಸಂಪೂರ್ಣ ಸುಗಮಗೊಳ್ಳಲು 2005ರವರೆಗೆ ಕಾಯಬೇಕಾಯಿತು.

ಈ ಎರಡು ನದಿಗಳನ್ನು ಜೋಡಿಸುವ ಕನಸು ಸಾವಿರದ ಇನ್ನೂರು ವರ್ಷಗಳದ್ದು. 793ರಲ್ಲಿ ಶಾರ್ಲೆಮೇನ್ ಚಕ್ರವರ್ತಿಯು ಕಾಲುವೆ ತೋಡಿಸತೊಡಗಿದನು. ಮಳೆಗೆ ದಂಡೆಗಳು ಕುಸಿದವೆಂದು ಅಂದಿನ ಬರಹಗಳು ಹೇಳುತ್ತವೆ. ಅದರ ಕುರುಹು ಬವೇರಿಯಾದಲ್ಲಿ ಇಂದಿಗೂ ಇದೆ. ಬವೇರಿಯಾದ ದೊರೆ ಒಂದನೆಯ ಲುಡ್ವಿಗ್ ಕಟ್ಟಿಸಿದ ಕಾಲುವೆ 1846ರಲ್ಲಿ ಸಿದ್ಧವಾಯಿತಾದರೂ ರೈಲುಗಾಡಿಯ ಪೈಪೋಟಿಯೆದುರು ಸೊರಗಿತು. ಕೊನೆಗೆ 1992ರ ಸೆಪ್ಟೆಂಬರ್ 25ರಂದು 171 ಕಿ.ಮೀ. ಉದ್ದದ ರೈನ್-ಮೈನ್-ಡ್ಯಾನ್ಯೂಬ್ ಕಾಲುವೆ ಪೂರ್ಣಗೊಂಡಿತು. ಹದಿನಾರು ಲಾಕ್‌ಗಳು, ಅಂದರೆ ನೌಕೆಯನ್ನು ಒಳಗೆ ನಿಲ್ಲಿಸಿ ನೀರು ತುಂಬಿಸಿ ಮೇಲೆತ್ತುವ ಅಥವಾ ನೀರು ಬಿಟ್ಟು ಕೆಳಗಿಳಿಸುವ ತೊಟ್ಟಿಗಳು, ಹಡಗನ್ನು ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಒಯ್ದು ಆಚೆ ಇಳಿಸುತ್ತವೆ. ಆಮ್‌ಸ್ಟರ್‌ಡ್ಯಾಮಿನಿಂದ ಬುಡಾಪೆಸ್ಟಿನವರೆಗೆ ಒಂದೇ ನೌಕೆಯಲ್ಲಿ ಎರಡು ವಾರಗಳ ಯಾನವೆಂದು ಪುಸ್ತಿಕೆ ಹೇಳುವುದು ಈ ಕಾಲುವೆಯ ಕೃಪೆಯಿಂದಲೇ.

ಆ ಲಾಕ್‌ಗಳ ಅಗಲ ಕೇವಲ 12 ಮೀಟರ್. ಆದುದರಿಂದ ಎಷ್ಟೇ ವೈಭವದ ನೌಕೆಯಾದರೂ ಸುಮಾರು 11.45 ಮೀಟರಿಗಿಂತ ಅಗಲವಾಗುವಂತಿಲ್ಲ. ಉದ್ದ ಸಾಮಾನ್ಯವಾಗಿ 135 ಮೀಟರಿನ ಒಳಗೆ. ತಗ್ಗು ಸೇತುವೆಗಳ ಕೆಳಗೆ ನುಸುಳುವಾಗ ಚಾಲಕನ ಕೋಣೆಯನ್ನೇ ತಗ್ಗಿಸುತ್ತಾರೆ, ಮೇಲ್ಛಾವಣಿಗೆ ಪ್ರಯಾಣಿಕರನ್ನು ಬಿಡುವುದಿಲ್ಲ. ಹೀಗೆ ಐಷಾರಾಮದ ಮೇಲ್ಮಿತಿಯನ್ನು ನಿರ್ಧರಿಸುವುದು ಹಡಗಿನ ಒಡೆಯನಲ್ಲ, ಕಾಲುವೆ. ಹೆಚ್ಚು ಹಣ ತೆತ್ತರೆ ದೊರೆಯುವುದು ತುಸು ದೊಡ್ಡ ಕೋಣೆ ಮತ್ತು ಬಾಲ್ಕನಿ. ದಡದಲ್ಲಿ ನೌಕೆಗಳು ಒಂದರ ಮಗ್ಗುಲಿಗೊಂದು ನಿಂತಾಗ ಆ ಬಾಲ್ಕನಿಯಿಂದ ಕಾಣುವುದು ಪಕ್ಕದ ನೌಕೆಯ ಕಿಟಕಿ! ಕೆಳಅಂತಸ್ತಿನ ಕೋಣೆಯಲ್ಲಿ ಮಲಗಿದವನಿಗೂ ಹಗಲಿನಲ್ಲಿ ಮೇಲ್ಛಾವಣಿಯ ನೋಟ ಒಂದೇ.

ಆದುದರಿಂದ ಆರಿಸುವವರು ಕೇಳಬೇಕಾದ ಪ್ರಶ್ನೆಗಳೇ ಬೇರೆ. ಮೊದಲನೆಯದು, ಬಿಂಗೆನ್‌ನಿಂದ ಕೊಬ್ಲೆಂಜ್‌ವರೆಗಿನ ಕೋಟೆಗಳ ಕಣಿವೆಯನ್ನು ಅಥವಾ ಆಸ್ಟ್ರಿಯಾದ ವಾಹೌ ಕಣಿವೆಯನ್ನು ನೌಕೆ ಹಗಲಿನಲ್ಲಿ ದಾಟುವುದೋ, ರಾತ್ರಿಯಲ್ಲೋ? ಎರಡೂ ಯುನೆಸ್ಕೋ ಪರಂಪರಾ ತಾಣಗಳು. ನಿದ್ದೆಯಲ್ಲಿ ಕಳೆದುಹೋದರೆ ತೆತ್ತ ಹಣ ವ್ಯರ್ಥ. ಎರಡನೆಯದು, ನೀರು ತಗ್ಗಿದರೆ ಏನು ವ್ಯವಸ್ಥೆ? 2018ರ ಅಕ್ಟೋಬರಿನಲ್ಲಿ ಕೌಬ್ ಮಾಪಕದಲ್ಲಿ ನೀರಿನ ಮಟ್ಟ 25 ಸೆಂಟಿಮೀಟರಿಗೆ ಕುಸಿದಿತ್ತು. 2022ರ ಬರಗಾಲದಲ್ಲಿ ಸೆರ್ಬಿಯಾದ ಪ್ರಾಹೊವೊ ಬಳಿ, 1944ರಲ್ಲಿ ಜರ್ಮನರು ತಾವೇ ಮುಳುಗಿಸಿದ್ದ ಯುದ್ಧನೌಕೆಗಳು ಡ್ಯಾನ್ಯೂಬಿನಿಂದ ತಲೆಯೆತ್ತಿದವು. ಅಂತಹ ಸಮಯದಲ್ಲಿ ಪ್ರಯಾಣಿಕರನ್ನು ಬಸ್ಸಿನಲ್ಲಿ ಕರೆದೊಯ್ಯುವುದುಂಟು. ಪರಿಹಾರದ ನಿಯಮವನ್ನು ಮೊದಲೇ ಓದಿಕೊಳ್ಳಬೇಕು. ಮೂರನೆಯದು ವೀಸಾ. ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗರಿಗಳು ಷೆಂಗೆನ್ ವಲಯದಲ್ಲಿವೆ, ಸೆರ್ಬಿಯಾ ಇಲ್ಲ. ಕೆಳಗಿನ ಡ್ಯಾನ್ಯೂಬಿಗೆ ಹೋಗುವವರು ವಲಯದಿಂದ ಹೊರಬಂದು ಮತ್ತೆ ಪ್ರವೇಶಿಸಬೇಕಾಗುವುದರಿಂದ ಒಂದೇ ಪ್ರವೇಶದ ವೀಸಾ ಸಾಲದು. ಇನ್ನು ಸಸ್ಯಾಹಾರದ ಏರ್ಪಾಡು, ಕಲ್ಲುಹಾಸಿನ ಬೀದಿಗಳಲ್ಲಿ ಮೊಣಕಾಲಿನ ತ್ರಾಣ, ಇವನ್ನು ನಮ್ಮ ವಯಸ್ಸಿನವರಿಗೆ ಬೇರೆ ಹೇಳಬೇಕಿಲ್ಲ.

ಕೆಳಗಿನ ಡ್ಯಾನ್ಯೂಬಿನ ಮಾತು ಬಂದುದರಿಂದ ಒಂದು ದ್ವೀಪವನ್ನು ನೆನೆಯದೆ ಮುಂದೆ ಹೋಗಲಾರೆ. ಸೆರ್ಬಿಯಾ ಮತ್ತು ರೊಮೇನಿಯಾಗಳ ನಡುವೆ ನದಿ ಬೆಟ್ಟಗಳನ್ನು ಸೀಳಿ ನುಗ್ಗುವ ಕಮರಿಗೆ ಕಬ್ಬಿಣದ ದ್ವಾರವೆಂದು ಹೆಸರು. ಅಲ್ಲಿ ಆಡಾ ಕಾಲೆ ಎಂಬ ತುರ್ಕಿ ಜನರ ಪುಟ್ಟ ದ್ವೀಪವಿತ್ತು. ಸಾಮ್ರಾಜ್ಯಗಳು ಅಳಿದ ಮೇಲೂ ಮಸೀದಿ, ಅಂಗಡಿಬೀದಿ, ಕಾಫಿಯಂಗಡಿಗಳೊಂದಿಗೆ ಅದು ಬದುಕಿತ್ತು. 1972ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರು ಅದನ್ನು ನುಂಗಿತು, ನಿವಾಸಿಗಳು ಚದುರಿಹೋದರು. ರೋಮನ್ ಚಕ್ರವರ್ತಿ ಟ್ರಾಜನ್ ಬಂಡೆಯಲ್ಲಿ ಕೆತ್ತಿಸಿದ್ದ ಶಾಸನವನ್ನು ಮಾತ್ರ ಕತ್ತರಿಸಿ ಮೇಲಕ್ಕೇರಿಸಿ ಉಳಿಸಿಕೊಂಡರು. ನೌಕೆಯವರು ಶಾಸನವನ್ನು ತೋರಿಸುತ್ತಾರೆ. ದ್ವೀಪವಿದ್ದ ಕಡೆ ತೋರಿಸಲು ನೀರಲ್ಲದೆ ಬೇರೇನೂ ಇಲ್ಲ. ಶರಾವತಿಯ ಮುಳುಗಡೆಯನ್ನು ಬಲ್ಲ ಮಲೆನಾಡಿನವರಿಗೆ ಆ ನೀರಿನ ಅರ್ಥವನ್ನು ಯಾವ ಮಾರ್ಗದರ್ಶಕನೂ ವಿವರಿಸಬೇಕಾಗಿಲ್ಲ.

ನನ್ನ ಸಲಹೆ ಇಷ್ಟು. ಕೋಟೆ, ಚರ್ಚು, ದ್ರಾಕ್ಷಿತೋಟಗಳ ಸೊಬಗನ್ನು ಸಲೀಸಾಗಿ ಸವಿಯಬೇಕೆನ್ನುವವರು ರೈನ್ ನದಿಗೆ ಹೋಗಲಿ. ಒಂದೇ ವಾರ, ಒಂದೇ ಅವಕಾಶ ಉಳ್ಳವರಿಗೆ ಪಸಾವ್‌ನಿಂದ ವಿಯೆನ್ನಾ ಮಾರ್ಗವಾಗಿ ಬುಡಾಪೆಸ್ಟಿಗೆ ಹೋಗುವ ದಾರಿ ಮೇಲು. ಆ ದಂಪತಿಗಳಿಗೂ ಅದನ್ನೇ ಹೇಳಿದೆ. ಕೋಣೆಯ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿದರೂ ಚಿಂತೆಯಿಲ್ಲ, ಅದರಿಂದ ಉಳಿದ ಹಣದಲ್ಲಿ ಬುಡಾಪೆಸ್ಟಿನಲ್ಲಿ ಎರಡು ದಿನ ಹೆಚ್ಚು ತಂಗಿ ಎಂದೂ ಸೇರಿಸಿದೆ. ಯಾವ ನದಿಯನ್ನಾರಿಸಿದರೂ ಒಂದು ಮಾತು ನೆನಪಿರಲಿ: ಗಡಿಗಳನ್ನು ದಾಟಿ ಹಡಗು ನಿರಾತಂಕವಾಗಿ ತೇಲುವುದು ಸಹಜಸ್ಥಿತಿಯಲ್ಲ. ಎರಡು ಶತಮಾನಗಳ ಒಪ್ಪಂದಗಳು ಅದನ್ನು ಸಾಧ್ಯವಾಗಿಸಿವೆ, ಒಂದು ಯುದ್ಧ ಅದನ್ನು ವರ್ಷಗಟ್ಟಲೆ ಕೆಡಿಸಿದ್ದೂ ಉಂಟು. ಪುಸ್ತಿಕೆಯ ಬೆಲೆಪಟ್ಟಿಯಲ್ಲಿ ನಮೂದಾಗದ ನಿಜವಾದ ಐಷಾರಾಮವೆಂದರೆ ಅದೇ.