ಎಚ್‌ಆರ್ ವೃತ್ತಿಪರರ ಸ್ವಯಂಸೇವಾ ಬಳಗ: ಕಟ್ಟುವುದು ಸುಲಭ, ನಡೆಸುವುದು ಹೇಗೆ?

ಕಂಪನಿಯಲ್ಲಿ ನೌಕರನಿಗೆ ತೊಂದರೆಯಾದರೆ ಆತ ಮಾನವ ಸಂಪನ್ಮೂಲ ವಿಭಾಗದ ಬಾಗಿಲು ತಟ್ಟುತ್ತಾನೆ. ಆ ಬಾಗಿಲಿನ ಒಳಗೆ ಕುಳಿತವರಿಗೇ ತೊಂದರೆಯಾದರೆ ಅವರು ತಟ್ಟಬೇಕಾದ ಬಾಗಿಲು ಯಾವುದು? ಮುಂದಿನ ವಾರ ಇಪ್ಪತ್ತು ಮಂದಿಯನ್ನು ಕೆಲಸದಿಂದ ಬಿಡಿಸಬೇಕೆಂಬ ಆದೇಶ ಕೈಯಲ್ಲಿದ್ದರೂ ಎಚ್‌ಆರ್ ಅಧಿಕಾರಿ ಅದನ್ನು ಪಕ್ಕದ ಮೇಜಿನವರ ಬಳಿ ಹೇಳುವಂತಿಲ್ಲ. ಸಣ್ಣ ಸಂಸ್ಥೆಗಳಲ್ಲಂತೂ ಈ ವಿಭಾಗವೆಂದರೆ ಒಬ್ಬರೇ ವ್ಯಕ್ತಿ. ನೇಮಕಾತಿ, ಹಾಜರಿ, ಭವಿಷ್ಯನಿಧಿ, ಶಿಸ್ತುಕ್ರಮ, ಲೈಂಗಿಕ ಕಿರುಕುಳದ ದೂರು ಎಲ್ಲವೂ ಅವರ ತಲೆಯ ಮೇಲೆಯೇ.

ಈ ಒಂಟಿತನಕ್ಕೆ ವೃತ್ತಿಪರರು ತಾವೇ ಕಂಡುಕೊಂಡ ಪರಿಹಾರವೇ ಸ್ವಯಂಸೇವಾ ಬಳಗ. ತಿಂಗಳಿಗೊಮ್ಮೆ ಒಂದೆಡೆ ಸೇರುವುದು, ಕಾನೂನಿನ ಗೊಂದಲಗಳನ್ನು ಬಿಡಿಸಿಕೊಳ್ಳುವುದು, ಕೆಲಸ ಕಳೆದುಕೊಂಡ ಸಹವೃತ್ತಿಯವರಿಗೆ ದಾರಿ ತೋರಿಸುವುದು ಇದರ ಉದ್ದೇಶ. ಇಂತಹ ಬಳಗವನ್ನು ಆರಂಭಿಸಲು ಒಂದು ಸಂಜೆ ಸಾಕು. ಆದರೆ ನಡೆಸಿಕೊಂಡು ಹೋಗುವುದಕ್ಕೆ ಶಿಸ್ತು ಬೇಕು, ನಿಯಮ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಪರಸ್ಪರ ನಂಬಿಕೆ ಬೇಕು.

ನೂರು ವರ್ಷ ಮೀರಿದ ಪರಂಪರೆ

ಈ ಬಗೆಯ ಬಳಗಗಳು ಮಾಹಿತಿ ತಂತ್ರಜ್ಞಾನದ ಯುಗದ ಕೂಸುಗಳಲ್ಲ. 1913ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಚಾಕೊಲೇಟ್ ಉದ್ಯಮಿ ಸೀಬೋಮ್ ರೌಂಟ್ರಿ ಅವರ ಮುಂದಾಳತ್ವದಲ್ಲಿ ಕಾರ್ಖಾನೆಗಳ ಕಲ್ಯಾಣ ಕಾರ್ಯಕರ್ತರ ಸಂಘವೊಂದು ಹುಟ್ಟಿಕೊಂಡಿತು. ಅದರ ಆರಂಭದ ಸದಸ್ಯರಲ್ಲಿ ಮಹಿಳೆಯರೇ ಹೆಚ್ಚು. ಅದೇ ಸಂಘ ಹಲವು ಹೆಸರುಗಳನ್ನು ದಾಟಿ, 2000ದಲ್ಲಿ ರಾಜಸನ್ನದು ಪಡೆದು ಇಂದು ಸಿಐಪಿಡಿ ಎಂದು ಪ್ರಸಿದ್ಧವಾಗಿದೆ. ಅಮೆರಿಕದಲ್ಲಿ 1948ರಲ್ಲಿ ಆರಂಭವಾದ ಸಿಬ್ಬಂದಿ ಆಡಳಿತಗಾರರ ಸಂಘವು 1964ರಲ್ಲಿ ತನ್ನದೇ ಕೇಂದ್ರ ಕಚೇರಿ ತೆರೆಯುವವರೆಗೂ ಸ್ವಯಂಸೇವಕರ ಹೆಗಲ ಮೇಲೆಯೇ ನಡೆಯಿತು. 1989ರಲ್ಲಿ ಹೆಸರು ಬದಲಿಸಿಕೊಂಡ ಅದನ್ನು ಜಗತ್ತು ಈಗ ಎಸ್‌ಎಚ್‌ಆರ್‌ಎಂ ಎಂದು ಗುರುತಿಸುತ್ತದೆ.

ಭಾರತದಲ್ಲಿ ಈ ವೃತ್ತಿಯ ಬೇರು ಇರುವುದು ಕಾರ್ಮಿಕ ಕಲ್ಯಾಣದಲ್ಲಿ. ಕಾರ್ಖಾನೆಗಳಲ್ಲಿ ಮಧ್ಯವರ್ತಿಗಳ ಮೂಲಕ ನಡೆಯುತ್ತಿದ್ದ ನೇಮಕಾತಿಯ ಅಕ್ರಮಗಳನ್ನು ತಡೆಯಲು ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು 1931ರಲ್ಲಿ ರಾಯಲ್ ಕಾರ್ಮಿಕ ಆಯೋಗ ಶಿಫಾರಸು ಮಾಡಿತು. 1948ರ ಕಾರ್ಖಾನೆ ಕಾಯ್ದೆಯು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತು. ಕೋಲ್ಕತ್ತ ಮತ್ತು ಮುಂಬಯಿಯಲ್ಲಿ ಪ್ರತ್ಯೇಕವಾಗಿ ಬೆಳೆದಿದ್ದ ಎರಡು ವೃತ್ತಿಸಂಸ್ಥೆಗಳು 1980ರಲ್ಲಿ ಒಂದಾಗಿ ಎನ್‌ಐಪಿಎಂ ಎನಿಸಿಕೊಂಡವು. 1985ರಲ್ಲಿ ನ್ಯಾಷನಲ್ ಎಚ್‌ಆರ್‌ಡಿ ನೆಟ್‌ವರ್ಕ್ ಆರಂಭವಾಯಿತು. ಇದರ ಹಿಂದೆ ಉದಯ್ ಪರೀಕ್ ಮತ್ತು ಟಿ.ವಿ. ರಾವ್ ಅವರು 1970ರ ದಶಕದಿಂದ ಬೆಳೆಸಿಕೊಂಡು ಬಂದಿದ್ದ ಚಿಂತನೆಯಿತ್ತು. ಈ ಎರಡೂ ಸಂಸ್ಥೆಗಳ ಶಾಖೆಗಳನ್ನು ನಡೆಸುವ ಪದಾಧಿಕಾರಿಗಳು ಬೇರೆಡೆ ಪೂರ್ಣಾವಧಿ ಉದ್ಯೋಗದಲ್ಲಿರುವವರೇ.

ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಬೆಂಗಳೂರಿಗೂ ಈ ಚರಿತ್ರೆ ಹೊಸದಲ್ಲ. 1980ರ ಡಿಸೆಂಬರ್‌ನಲ್ಲಿ ಆರಂಭವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ, 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ನಿಯಮದ ವಿರುದ್ಧ ಬೀದಿಗಿಳಿದ ಸಿದ್ಧ ಉಡುಪು ಕಾರ್ಮಿಕರು, 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ ವೇತನದ ವಿಚಾರವಾಗಿ ಭುಗಿಲೆದ್ದ ಗಲಭೆ, ಇವೆಲ್ಲವೂ ಒಂದೇ ಪಾಠವನ್ನು ಹೇಳುತ್ತವೆ. ಕಾರ್ಖಾನೆಯ ಒಳಗಿನ ಅಸಮಾಧಾನ ಸಮಯಕ್ಕೆ ಸರಿಯಾಗಿ ಕಿವಿಗೆ ಬೀಳದಿದ್ದರೆ ಅದು ಗೇಟಿನ ಹೊರಗೆ ಕೇಳಿಸುತ್ತದೆ. ಕೇಳಿಸಿಕೊಳ್ಳುವ ಹೊಣೆ ಹೊತ್ತವರು ಒಬ್ಬರಿಂದೊಬ್ಬರು ಕಲಿಯುವುದು ಆದ್ದರಿಂದಲೇ ಮುಖ್ಯ.

ಮೊದಲ ಏಳು ಮಂದಿ

ಬಳಗವು ಹುಟ್ಟಿದ ದಿನವೇ ನೋಂದಣಿಗೆ ಓಡಬೇಕಾದ ಅಗತ್ಯವಿಲ್ಲ. ಆರು ತಿಂಗಳು ತಪ್ಪದೆ ಸಭೆ ಸೇರಿ ನೋಡುವುದು ಒಳ್ಳೆಯದು. ಆರಂಭಶೂರರು ಯಾರು, ಕೊನೆಯವರೆಗೆ ಉಳಿಯುವವರು ಯಾರು ಎಂಬುದು ಅಷ್ಟರಲ್ಲಿ ತಿಳಿದುಬರುತ್ತದೆ. ಹಣ ಸಂಗ್ರಹಿಸುವ ಹಂತ ಬಂದಾಗ ಮಾತ್ರ ಕಾನೂನಿನ ಚೌಕಟ್ಟು ಅನಿವಾರ್ಯ. ವೈಯಕ್ತಿಕ ಖಾತೆಯಲ್ಲಿ ಸಂಘದ ಹಣ ಇರಿಸಿಕೊಂಡು ಸ್ನೇಹ ಕೆಡಿಸಿಕೊಂಡವರು ಕಡಿಮೆಯೇನಲ್ಲ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಉದ್ದೇಶಗಳ ಪತ್ರ ಮತ್ತು ನಿಯಮಾವಳಿ ಸಿದ್ಧಪಡಿಸಬೇಕು. ನೋಂದಣಿಯ ನಂತರ ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಂಘದ ಹೆಸರಿನಲ್ಲೇ ಪ್ಯಾನ್ ಸಂಖ್ಯೆ ಮತ್ತು ಇಬ್ಬರ ಸಹಿ ಬೇಕಾಗುವ ಬ್ಯಾಂಕ್ ಖಾತೆ ಇರಲಿ.

ಸದಸ್ಯತ್ವ ಯಾರಿಗೆ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳುವುದು ಲೇಸು. ನೇಮಕಾತಿ ಏಜೆನ್ಸಿಗಳು, ತರಬೇತುದಾರರು, ವೇತನ ತಂತ್ರಾಂಶ ಮಾರುವವರು ಸಹಜವಾಗಿಯೇ ಇಂತಹ ಬಳಗಗಳತ್ತ ಆಕರ್ಷಿತರಾಗುತ್ತಾರೆ. ಅವರಲ್ಲಿಯೂ ಒಳ್ಳೆಯ ಜ್ಞಾನವಿರುತ್ತದೆ, ಅವರನ್ನು ಪೂರ್ತಿಯಾಗಿ ದೂರವಿಡುವುದು ಜಾಣತನವಲ್ಲ. ಆದರೆ ಸಭೆಯಲ್ಲಿ ಮಾರಾಟಗಾರರ ಸಂಖ್ಯೆ ಹೆಚ್ಚಾದ ದಿನ ಉದ್ಯೋಗದಲ್ಲಿರುವವರು ಮೌನವಾಗಿ ಬರುವುದನ್ನು ನಿಲ್ಲಿಸುತ್ತಾರೆ. ಅವರಿಗೆ ಮತವಿಲ್ಲದ ಸಹಸದಸ್ಯತ್ವ ನೀಡಿ, ಸಭೆಯೊಳಗೆ ಮಾರಾಟದ ಮಾತು ಕೂಡದೆಂದು ನಿಯಮ ಮಾಡಿದರೆ ಇಬ್ಬರಿಗೂ ಕ್ಷೇಮ.

ಸಭೆಯೇ ಬಳಗದ ಉಸಿರು

ದಿನ ಮತ್ತು ಸಮಯ ಬದಲಾಗಬಾರದು. ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಎಂದರೆ ಅದು ವರ್ಷವಿಡೀ ಹಾಗೆಯೇ ಇರಬೇಕು. ಪ್ರತಿ ಬಾರಿ ಎಲ್ಲರ ಅನುಕೂಲ ಕೇಳಿ ದಿನ ಗೊತ್ತುಮಾಡುವ ಬಳಗ ಹೆಚ್ಚು ಕಾಲ ಬಾಳುವುದಿಲ್ಲ. ಸ್ಥಳಕ್ಕಾಗಿ ಹೋಟೆಲುಗಳ ಸಭಾಂಗಣ ಹುಡುಕಿ ಖರ್ಚು ಮಾಡಬೇಕಿಲ್ಲ. ಸದಸ್ಯರ ಕಂಪನಿಗಳ ತರಬೇತಿ ಕೊಠಡಿಗಳು ಮತ್ತು ಕೈಗಾರಿಕಾ ಪ್ರದೇಶಗಳ ಸಂಘಗಳ ಕಟ್ಟಡಗಳು ಇದ್ದೇ ಇವೆ. ಬೆಂಗಳೂರಿನಂತಹ ನಗರದಲ್ಲಿ ಪೀಣ್ಯದವರು ವೈಟ್‌ಫೀಲ್ಡಿಗೆ ಸಂಜೆಯ ಸಭೆಗೆ ಬರುವುದು ಕನಸಿನ ಮಾತು. ಇಡೀ ನಗರಕ್ಕೊಂದು ಬಳಗ ಮಾಡುವುದಕ್ಕಿಂತ ಪ್ರದೇಶಕ್ಕೊಂದು ಘಟಕ ಮಾಡಿ, ವರ್ಷಕ್ಕೆರಡು ಬಾರಿ ಎಲ್ಲರೂ ಸೇರುವುದೇ ವ್ಯವಹಾರಿಕ.

ಎರಡು ಗಂಟೆಯ ಸಭೆಯನ್ನು ಮೂರು ಭಾಗ ಮಾಡಿಕೊಳ್ಳಬಹುದು. ಮೊದಲ ಭಾಗದಲ್ಲಿ ಒಂದು ವಿಷಯದ ಮೇಲೆ ಉಪನ್ಯಾಸ, ಎರಡನೆಯದರಲ್ಲಿ ಸದಸ್ಯರ ಸಮಸ್ಯೆಗಳ ಚರ್ಚೆ, ಕೊನೆಯಲ್ಲಿ ಚಹಾದೊಂದಿಗೆ ಪರಿಚಯ. ಹೆಸರಾಂತ ಭಾಷಣಕಾರರು ಬಂದಾಗ ಜನ ಹೆಚ್ಚು ಸೇರುತ್ತಾರೆ ನಿಜ. ಆದರೆ ಜನ ಮರಳಿ ಬರುವುದು ಎರಡನೇ ಭಾಗಕ್ಕಾಗಿ. ಅಲ್ಲಿ ಕಂಪನಿಯ ಹೆಸರಾಗಲಿ ನೌಕರರ ಹೆಸರಾಗಲಿ ಬಾರದಂತೆ ಸಮಸ್ಯೆಯನ್ನಷ್ಟೇ ಮಂಡಿಸಬೇಕು, ಕೇಳಿದ್ದು ಆ ಕೋಣೆಯಲ್ಲಿಯೇ ಉಳಿಯಬೇಕು.

ವಿಷಯಗಳಿಗೆ ಬರವಿಲ್ಲ. 29 ಕಾರ್ಮಿಕ ಕಾನೂನುಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಕೆಲಸ ಬಿಟ್ಟ ನೌಕರನ ವೇತನ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ಪಾವತಿಸಬೇಕೆಂಬುದು, ಹಿಂಬಡ್ತಿ ಅಲ್ಲ, ಕೆಲಸದಿಂದ ತೆಗೆಯುವುದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕಾಗುವ ಕಾರ್ಖಾನೆಗಳ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿದ್ದು, ಕಲ್ಯಾಣಾಧಿಕಾರಿಯ ಮಿತಿ 250ಕ್ಕೆ ಇಳಿದದ್ದು ಇವು ಒಂದೊಂದೂ ಒಂದು ಸಭೆಯ ವಸ್ತು. 2013ರ ಕಾಯ್ದೆಯಂತೆ ರಚಿಸಬೇಕಾದ ಆಂತರಿಕ ಸಮಿತಿಗೆ ಯೋಗ್ಯ ಹೊರ ಸದಸ್ಯರನ್ನು ಹುಡುಕುವುದು ಸಣ್ಣ ಕಂಪನಿಗಳಿಗೆ ಕಷ್ಟ. ಅಂಥವರ ಪಟ್ಟಿಯೊಂದನ್ನು ಬಳಗ ಸಿದ್ಧವಾಗಿಟ್ಟುಕೊಂಡರೆ ಅದೇ ದೊಡ್ಡ ಸೇವೆ.

ದಾಟಬಾರದ ಲಕ್ಷ್ಮಣರೇಖೆ

ಎಚ್‌ಆರ್ ಬಳಗಕ್ಕೆ ಬೇರೆ ವೃತ್ತಿಗಳ ಸಂಘಗಳಿಗಿಲ್ಲದ ಒಂದು ಅಪಾಯವಿದೆ. ಇಲ್ಲಿ ಸೇರಿದವರ ಬಳಿ ಸಾವಿರಾರು ಜನರ ಸಂಬಳದ ವಿವರವಿದೆ. ಚಹಾ ಕುಡಿಯುತ್ತ, 'ಈ ವರ್ಷ ನೀವು ಎಷ್ಟು ಶೇಕಡಾ ಏರಿಸುತ್ತೀರಿ?' ಎಂದು ಕೇಳುವುದು ಮುಗ್ಧ ಪ್ರಶ್ನೆಯಂತೆ ತೋರುತ್ತದೆ. ಆದರೆ ಅಮೆರಿಕದ ಯೂಟಾ ರಾಜ್ಯದ ಆಸ್ಪತ್ರೆಗಳ ಎಚ್‌ಆರ್ ಅಧಿಕಾರಿಗಳ ಸಂಘವೊಂದು ಇದೇ ಕಾರಣಕ್ಕೆ 1994ರಲ್ಲಿ ಕಟಕಟೆ ಹತ್ತಬೇಕಾಯಿತು. ದಾದಿಯರಿಗೆ ಮುಂದೆ ನೀಡಲಿರುವ ವೇತನದ ಮಾಹಿತಿಯನ್ನು ಆಸ್ಪತ್ರೆಗಳು ಪರಸ್ಪರ ಹಂಚಿಕೊಂಡು ಅವರ ಸಂಬಳ ಏರದಂತೆ ಮಾಡಿದವೆಂಬುದು ಅಲ್ಲಿನ ನ್ಯಾಯ ಇಲಾಖೆಯ ಆರೋಪವಾಗಿತ್ತು. ಪ್ರಕರಣ ರಾಜಿ ಆದೇಶದೊಂದಿಗೆ ಮುಗಿಯಿತು. ಒಬ್ಬರ ನೌಕರರನ್ನು ಇನ್ನೊಬ್ಬರು ಕರೆಯಬಾರದೆಂಬ ಒಳ ಒಪ್ಪಂದದ ಆರೋಪ ಎದುರಿಸಿದ ಆಪಲ್, ಗೂಗಲ್, ಇಂಟೆಲ್ ಮತ್ತು ಅಡೋಬಿ ಕಂಪನಿಗಳು ನೌಕರರು ಹೂಡಿದ ಮೊಕದ್ದಮೆಯನ್ನು 2015ರಲ್ಲಿ 41.5 ಕೋಟಿ ಡಾಲರ್ ಕೊಟ್ಟು ಇತ್ಯರ್ಥಪಡಿಸಿಕೊಂಡವು.

ನಮ್ಮಲ್ಲಿಯೂ 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಸ್ಪರ್ಧೆಗೆ ಧಕ್ಕೆ ತರುವ ಒಪ್ಪಂದಗಳನ್ನು ನಿಷೇಧಿಸುತ್ತದೆ. ಆದ್ದರಿಂದ ವೇತನ ಏರಿಕೆ, ನೇಮಕಾತಿ ಸಂಯಮ ಇತ್ಯಾದಿ ಮಾತುಗಳು ಸಭೆಯಲ್ಲಿ ಬಾರದಂತೆ ಅಧ್ಯಕ್ಷರು ನೋಡಿಕೊಳ್ಳಬೇಕು. ವೇತನ ಸಮೀಕ್ಷೆ ಬೇಕೇಬೇಕೆಂದಾದರೆ ಹೊರಗಿನ ಸ್ವತಂತ್ರ ಸಂಸ್ಥೆಗೆ ವಹಿಸಬೇಕು. ಮಾಹಿತಿ ಮೂರು ತಿಂಗಳಿಗಿಂತ ಹಳೆಯದಾಗಿರಬೇಕು, ಕನಿಷ್ಠ ಐದು ಕಂಪನಿಗಳು ಪಾಲ್ಗೊಳ್ಳಬೇಕು, ಯಾರ ಅಂಕಿ ಯಾರದೆಂದು ಗುರುತು ಸಿಗಬಾರದು. ಅಮೆರಿಕದ ಅಧಿಕಾರಿಗಳು ಹಿಂದೆ ಆರೋಗ್ಯ ಕ್ಷೇತ್ರಕ್ಕೆ ಸೂಚಿಸಿದ್ದ ಇಂತಹ ಮಾನದಂಡಗಳನ್ನು 2023ರಲ್ಲಿ ಹಿಂತೆಗೆದುಕೊಂಡಿದ್ದಾರೆ. ಅಂದರೆ ಅಷ್ಟು ಪಾಲಿಸಿದರೂ ಪೂರ್ಣ ರಕ್ಷಣೆಯಿಲ್ಲ, ಅದು ಕನಿಷ್ಠ ಎಚ್ಚರಿಕೆ ಮಾತ್ರ.

ಇನ್ನೊಂದು ರೇಖೆ ವ್ಯಕ್ತಿಗಳ ಮಾನಕ್ಕೆ ಸಂಬಂಧಿಸಿದ್ದು. 'ಈ ಹೆಸರಿನವರನ್ನು ತೆಗೆದುಕೊಳ್ಳಬೇಡಿ' ಎಂಬ ಒಂದು ಸಾಲಿನ ಸಂದೇಶ ಬಳಗದೊಳಗೆ ಹರಿದರೆ, ತನ್ನ ಮೇಲೇನು ಆರೋಪವಿದೆಯೆಂದೇ ತಿಳಿಯದ ವ್ಯಕ್ತಿಗೆ ಊರೆಲ್ಲ ಬಾಗಿಲು ಮುಚ್ಚಿಹೋಗುತ್ತದೆ. ವಿಚಾರಣೆಯಿಲ್ಲದ ಈ ಶಿಕ್ಷೆಗೆ ಯಾವ ಮೇಲ್ಮನವಿಯೂ ಇಲ್ಲ. ಇಂತಹ ಪಟ್ಟಿಗಳನ್ನು ನಿಯಮಾವಳಿಯಲ್ಲಿಯೇ ಸ್ಪಷ್ಟವಾಗಿ ನಿಷೇಧಿಸಬೇಕು. ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಆತನ ಸ್ವವಿವರವನ್ನು ಹಂಚುವುದೂ ತಪ್ಪು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೊಳ್ಳುವಂತೆ ರೂಪಿಸಲಾಗಿದೆ.

ಕೆಲಸ ಕಳೆದುಕೊಂಡವರ ಪಾಲಿಗೆ

ಬಳಗದ ನಿಜವಾದ ಪರೀಕ್ಷೆ ನಡೆಯುವುದು ಹಿಂಜರಿತದ ದಿನಗಳಲ್ಲಿ. 2008ರ ಆರ್ಥಿಕ ಕುಸಿತವಾಗಲಿ, 2020ರ ಲಾಕ್‌ಡೌನ್ ಆಗಲಿ, ಇತರರ ಕೈಗೆ ಪತ್ರ ಕೊಟ್ಟು ಕಳುಹಿಸಿದ ಎಚ್‌ಆರ್ ಸಿಬ್ಬಂದಿಯೇ ಸರದಿಯಲ್ಲಿ ಮನೆಗೆ ಹೋಗುವುದು ಈ ವೃತ್ತಿಯ ವಿಪರ್ಯಾಸ. ಆಗ ಅವರ ಕೈಯಲ್ಲಿ ಕಂಪನಿಯ ಗುರುತಿನ ಚೀಟಿ ಇರುವುದಿಲ್ಲ. ಚೀಟಿಯಿಲ್ಲದವರಿಗೆ ಸದಸ್ಯತ್ವವಿಲ್ಲ ಎನ್ನುವ ಬಳಗಕ್ಕೆ ಅರ್ಥವೇನು? ಉದ್ಯೋಗ ಹೋದವರಿಗೆ ಒಂದು ವರ್ಷ ಶುಲ್ಕ ಬೇಡ, ಅವರನ್ನು ಬೇರೆ ಸಾಲಿನಲ್ಲಿ ಕೂರಿಸುವುದೂ ಬೇಡ. ಇಬ್ಬರು ಹಿರಿಯ ಸದಸ್ಯರು ಅವರ ಸ್ವವಿವರ ತಿದ್ದಿಕೊಟ್ಟು, ಅಣಕು ಸಂದರ್ಶನ ನಡೆಸಿ, ಗೊತ್ತಿರುವ ಕಡೆ ಪರಿಚಯಿಸಿದರೆ ಸಾಕು. ಕೆಲಸ ಕೊಡಿಸುವ ಭರವಸೆ ನೀಡಬಾರದು, ಪ್ರತಿಫಲವಾಗಿ ಹಣ ಪಡೆಯಲೇಬಾರದು.

ಹಣ ಮತ್ತು ಹಸ್ತಾಂತರ

ವೆಚ್ಚ ಕಡಿಮೆಯಿದ್ದಷ್ಟೂ ಸ್ವಾತಂತ್ರ್ಯ ಹೆಚ್ಚು. ಪ್ರಾಯೋಜಕರು ಊಟ ಹಾಕಿಸಿದರೆ ವೇದಿಕೆಯನ್ನೂ ಕೇಳುತ್ತಾರೆ. ಸಣ್ಣ ವಾರ್ಷಿಕ ಶುಲ್ಕ, ಪ್ರತಿ ಮೂರು ತಿಂಗಳಿಗೊಮ್ಮೆ ಎಲ್ಲರ ಮುಂದೆ ಲೆಕ್ಕ, ಇವೆರಡಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಬಹುಪಾಲು ಬಳಗಗಳು ಹಣವಿಲ್ಲದೆ ಸಾಯುವುದಿಲ್ಲ, ಒಬ್ಬರೇ ದಣಿದು ಹೋಗುವುದರಿಂದ ಸಾಯುತ್ತವೆ. ಸ್ಥಾಪಕರು ಐದು ವರ್ಷ ಎಲ್ಲವನ್ನೂ ತಾವೇ ಹೊತ್ತು, ವರ್ಗಾವಣೆಯಾದ ಮರುದಿನ ಸದಸ್ಯರ ಪಟ್ಟಿ ಯಾರ ಬಳಿಯಿದೆಯೆಂದೂ ಗೊತ್ತಾಗದ ಸ್ಥಿತಿ ಅಪರೂಪವಲ್ಲ. ಪದಾಧಿಕಾರಿಗಳ ಅವಧಿ ಎರಡು ವರ್ಷ, ಸತತ ಎರಡು ಅವಧಿಗಿಂತ ಹೆಚ್ಚಿಲ್ಲ ಎಂಬ ನಿಯಮವಿರಲಿ. ಪ್ರತಿ ಹುದ್ದೆಗೂ ಒಬ್ಬ ಕಿರಿಯ ಸಹಾಯಕರಿರಲಿ. ಕೆಲಸಗಳನ್ನು ತಿಂಗಳಿಗೆ ನಾಲ್ಕು ಗಂಟೆ ಮೀರದಂತೆ ತುಂಡು ಮಾಡಿ ಹಂಚಿದರೆ 'ಸಮಯವಿಲ್ಲ' ಎನ್ನುವವರೂ ಮುಂದೆ ಬರುತ್ತಾರೆ.

ಪ್ರತಿ ಕಂಪನಿಗೂ ಉತ್ತರಾಧಿಕಾರಿಗಳ ಯೋಜನೆ ಬರೆದುಕೊಡುವುದು ಎಚ್‌ಆರ್ ವೃತ್ತಿಪರರ ಕೆಲಸ. ತಮ್ಮ ಬಳಗಕ್ಕೂ ಅದನ್ನೇ ಅವರು ಮಾಡಿಕೊಳ್ಳಬೇಕು. ಕುರ್ಚಿಯಲ್ಲಿ ಕುಳಿತವರು ಬದಲಾದ ಮೇಲೂ ಎರಡನೇ ಶನಿವಾರ ಬೆಳಿಗ್ಗೆ ಆ ಕೋಣೆಯ ದೀಪ ಉರಿಯುತ್ತಿದ್ದರೆ, ಬಾಗಿಲು ತಟ್ಟಲು ಬಂದ ಹೊಸಬರಿಗೆ ಒಳಗೆ ಯಾರೋ ಇದ್ದಾರೆಂಬ ಧೈರ್ಯ ಸಿಗುತ್ತದೆ.