ಉಬ್ಬಸದ ಮಗುವಿನ ಉಸಿರು ಮುಂದಿನ ಆಸ್ತಮಾವನ್ನು ಎಷ್ಟು ಹೇಳಬಲ್ಲದು? ಮಾಸ್ಟ್ರಿಕ್ಟ್ ಅಧ್ಯಯನದ ಮರುಪರಿಶೀಲನೆ

ಮೂರು ವರ್ಷದೊಳಗೆ ಉಬ್ಬಸ ಕಾಣಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಶಾಲೆ ಸೇರುವ ಹೊತ್ತಿಗೆ ಅದು ಬಿಟ್ಟುಹೋಗಿರುತ್ತದೆ. ಈ ಬಗ್ಗೆ ಈಗ ತಕರಾರಿಲ್ಲ. ಅಮೆರಿಕದ ಟೂಸಾನ್‌ನಲ್ಲಿ ಫೆರ್ನಾಂಡೊ ಮಾರ್ಟಿನೆಜ್ ಮತ್ತು ಸಂಗಡಿಗರು 826 ಮಕ್ಕಳನ್ನು ಹುಟ್ಟಿನಿಂದ ಆರು ವರ್ಷದವರೆಗೆ ಗಮನಿಸಿ 1995ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇ 19.9 ಮಕ್ಕಳಲ್ಲಿ ಉಬ್ಬಸ ಬಂದು ಹೋಗಿತ್ತು, ಶೇ 13.7 ಮಕ್ಕಳಲ್ಲಿ ಉಳಿದುಕೊಂಡಿತ್ತು. ಅದೇ ಮಾಹಿತಿಯಿಂದ ಕಾಸ್ಟ್ರೊ-ರೋಡ್ರಿಗಸ್ 2000ದಲ್ಲಿ ರೂಪಿಸಿದ ಆಸ್ತಮಾ ಮುನ್ಸೂಚಕವು ಹೆತ್ತವರ ಆಸ್ತಮಾ, ಮಗುವಿನ ಎಕ್ಸಿಮಾ, ರಕ್ತದ ಇಯೊಸಿನೊಫಿಲ್ ಪ್ರಮಾಣ ಮೊದಲಾದವನ್ನು ನೋಡುತ್ತದೆ. ಆದರೆ ಆರನೆಯ ವಯಸ್ಸಿಗೆ ಆಸ್ತಮಾ ಇದ್ದ ಮಕ್ಕಳಲ್ಲಿ ಸುಮಾರು ಕಾಲುಭಾಗದವರನ್ನಷ್ಟೇ ಅದರ ಕಟ್ಟುನಿಟ್ಟಿನ ರೂಪ ಮೊದಲೇ ಗುರುತಿಸಿತ್ತು.

ಈ ಕೊರತೆಯನ್ನು ಉಸಿರಿನ ಪರೀಕ್ಷೆ ತುಂಬಬಲ್ಲದು ಎಂಬ ವಾದದ ಗಟ್ಟಿ ಆಧಾರ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ನಡೆದ ಆಡೆಮ್ ಅಧ್ಯಯನ. ಪದೇಪದೇ ಉಬ್ಬಸ ಬರುತ್ತಿದ್ದ 2ರಿಂದ 4 ವರ್ಷದ 202 ಮಕ್ಕಳ ಉಸಿರನ್ನು ಚೀಲದಲ್ಲಿ ಹಿಡಿದು, ಇಂಗಾಲದ ಕೊಳವೆಗೆ ಹಾಯಿಸಿ, ಅದರಲ್ಲಿದ್ದ ಬಾಷ್ಪಶೀಲ ಸಾವಯವ ಸಂಯುಕ್ತಗಳನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಲಾಯಿತು. ಆರು ತುಂಬಿದಾಗ 76 ಮಕ್ಕಳಿಗೆ ಆಸ್ತಮಾ ಇತ್ತು, 122 ಮಕ್ಕಳ ಉಬ್ಬಸ ತಾತ್ಕಾಲಿಕವಾಗಿತ್ತು. ಕ್ಲಾಸೆನ್ ಮತ್ತು ಸಂಗಡಿಗರ 2015ರ ಪ್ರಬಂಧದ ಪ್ರಕಾರ ಆಸ್ತಮಾ ಮುನ್ಸೂಚಕದ ಜೊತೆ ಈ ಸಂಯುಕ್ತಗಳ ಮಾಹಿತಿ ಸೇರಿದಾಗ ಧನಾತ್ಮಕ ಮುನ್ಸೂಚನಾ ಮೌಲ್ಯ (ಆಸ್ತಮಾ ಬರುತ್ತದೆಂದು ಗುರುತಾದವರಲ್ಲಿ ನಿಜಕ್ಕೂ ಬಂದವರ ಪಾಲು) ಶೇ 82, ಋಣಾತ್ಮಕ ಮೌಲ್ಯ (ಬರುವುದಿಲ್ಲವೆಂದು ಗುರುತಾದವರಲ್ಲಿ ಬರದವರ ಪಾಲು) ಶೇ 83.

ನನ್ನ ತಕರಾರು ಆ 82ರ ಬಗ್ಗೆ. ಪರೀಕ್ಷೆಯ ಗುಣದಷ್ಟೇ ಪರೀಕ್ಷೆಗೆ ಒಳಗಾದ ಮಕ್ಕಳ ಗುಂಪೂ ಆ ಅಂಕಿಯನ್ನು ರೂಪಿಸಿದೆ. ಆರನೆಯ ವಯಸ್ಸಿನಲ್ಲಿ ನಿರ್ಣಯ ಸಿಕ್ಕ 198 ಮಕ್ಕಳಲ್ಲಿ 76 ಎಂದರೆ ಶೇ 38. ಆಸ್ತಮಾ ಇಷ್ಟು ದಟ್ಟವಾಗಿರುವ ಗುಂಪಿನಲ್ಲಿ ಯಾವ ಪರೀಕ್ಷೆಯ ಧನಾತ್ಮಕ ಮೌಲ್ಯವೂ ಮೇಲೇರುತ್ತದೆ. ಪ್ರಕಟಿತ ಎರಡು ಮೌಲ್ಯಗಳಿಂದ ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಪರೀಕ್ಷೆ ಸುಮಾರು 65 ಮಕ್ಕಳನ್ನು ಆಸ್ತಮಾದ ಹಾದಿಯವರೆಂದು ಗುರುತಿಸಿರಬೇಕು: 53 ಸರಿ, 12 ತಪ್ಪು. ಅಂದರೆ ಸಂವೇದನೆ (ಆಸ್ತಮಾ ಬಂದವರಲ್ಲಿ ಪರೀಕ್ಷೆ ಹಿಡಿದವರ ಪಾಲು) ಶೇ 70, ನಿರ್ದಿಷ್ಟತೆ (ಬರದವರಲ್ಲಿ ಸರಿಯಾಗಿ ಬಿಟ್ಟವರ ಪಾಲು) ಶೇ 90ರ ಆಸುಪಾಸು. ಈಗ ಇದೇ ಪರೀಕ್ಷೆಯನ್ನು, ನೆಗಡಿಯಾದಾಗ ಮಾತ್ರ ಉಬ್ಬಸ ಬರುವ ಮಕ್ಕಳೇ ಹೆಚ್ಚಾಗಿರುವ ಸಾಮಾನ್ಯ ಚಿಕಿತ್ಸಾಲಯಕ್ಕೆ ಒಯ್ಯೋಣ. ಅಲ್ಲಿ ಮುಂದೆ ಆಸ್ತಮಾ ಬರುವವರು ಶೇ 15 ಎಂದುಕೊಳ್ಳೋಣ. ಸಾವಿರ ಮಕ್ಕಳಲ್ಲಿ 105 ಮಂದಿಯನ್ನು ಪರೀಕ್ಷೆ ಸರಿಯಾಗಿ ಹಿಡಿಯುತ್ತದೆ, 85 ಮಂದಿಯನ್ನು ತಪ್ಪಾಗಿ. ಮೌಲ್ಯ ಶೇ 82ರಿಂದ 55ಕ್ಕೆ ಇಳಿಯುತ್ತದೆ.

ಈ ಲೆಕ್ಕವನ್ನು ಅದರ ಮಿತಿಯೊಳಗೇ ಓದಬೇಕು. ಶೇ 15 ಎಂಬುದು ವಾದಕ್ಕಾಗಿ ಇಟ್ಟುಕೊಂಡ ಅಂಕಿ. ಮೂಲದ ಅಂಕಿಗಳು ಪೂರ್ಣಾಂಕಕ್ಕೆ ತಂದವಾದ್ದರಿಂದ ನನ್ನ ಫಲಿತಾಂಶ ಒಂದೆರಡು ಅಂಶ ಅತ್ತಿತ್ತ ಆಗಬಹುದು. ಸಂವೇದನೆ, ನಿರ್ದಿಷ್ಟತೆಗಳು ಗುಂಪು ಬದಲಾದರೂ ಸ್ಥಿರವಾಗಿರುತ್ತವೆ ಎಂದು ಭಾವಿಸಿದ್ದೇನೆ. ಸೌಮ್ಯ ಪ್ರಕರಣಗಳೇ ಹೆಚ್ಚಿರುವಲ್ಲಿ ಸಂವೇದನೆಯೂ ಕುಸಿಯುವ ಸಂಭವವೇ ಹೆಚ್ಚು. ತಜ್ಞರ ಬಳಿಗೆ ಕಳುಹಿಸಲಾದ ಮಕ್ಕಳಲ್ಲಿ ಮಾತ್ರ ಶೇ 82 ಹಾಗೆಯೇ ನಿಲ್ಲಬಹುದು. ಫಲಿತಾಂಶ ಪರಿಶೀಲನಾ ಗುಂಪಿನಲ್ಲೂ ಉಳಿಯಿತೆಂದು ಲೇಖಕರು ಹೇಳುತ್ತಾರೆ, ಅದು ನಿಜ. ಆದರೆ ಆ ಗುಂಪು ಇದೇ ಅಧ್ಯಯನದ ಮಕ್ಕಳಿಂದ ಬೇರ್ಪಡಿಸಿದ್ದು. ಬೇರೆ ಊರಿನ, ಬೇರೆ ಪ್ರಯೋಗಾಲಯದ ಉಸಿರಿಗೆ ಅದು ಸಾಕ್ಷಿಯಾಗದು. ಉಸಿರು ಹಿಡಿಯುವ ಟೆಡ್ಲಾರ್ ಚೀಲವೇ ಫೀನಾಲ್‌ನಂಥ ವಸ್ತುಗಳನ್ನು ಬಿಡುತ್ತದೆಂಬುದು ಗೊತ್ತಿರುವ ಸಂಗತಿ. ಮನೆಯ ಹೊಗೆ, ಗಾಳಿ, ಆಹಾರ ಎಲ್ಲವೂ ಆ ಮಾದರಿಯೊಳಗೆ ಬರುತ್ತವೆ.

ತಪ್ಪಾಗಿ ಗುರುತಾದ ಆ 85 ಮಕ್ಕಳ ಗತಿಯೇನು ಎಂಬ ಪ್ರಶ್ನೆಯನ್ನು ಬದಿಗಿಡಲಾಗದು. 2006ರಲ್ಲಿ ಪ್ರಕಟವಾದ ಪೀಕ್ ಪ್ರಯೋಗದಲ್ಲಿ ಅಪಾಯ ಹೆಚ್ಚಿದ್ದ ಎರಡು-ಮೂರು ವರ್ಷದ 285 ಮಕ್ಕಳಲ್ಲಿ ಒಂದು ಗುಂಪಿಗೆ ಎರಡು ವರ್ಷ ಫ್ಲುಟಿಕಾಸೋನ್ ಎಂಬ ಸ್ಟೆರಾಯ್ಡ್ ಅನ್ನು ಉಸಿರಿನೊಂದಿಗೆ ಎಳೆಯಲು ಕೊಡಲಾಯಿತು, ಇನ್ನೊಂದಕ್ಕೆ ಹುಸಿಮದ್ದು. ಔಷಧ ಕೊಡುವಷ್ಟು ಕಾಲ ರೋಗಲಕ್ಷಣ ತಗ್ಗಿತು. ನಿಲ್ಲಿಸಿದ ಮರುವರ್ಷ ಎರಡು ಗುಂಪುಗಳಿಗೂ ವ್ಯತ್ಯಾಸ ಉಳಿಯಲಿಲ್ಲ. ಚಿಕಿತ್ಸೆ ಮುಗಿದಾಗ ಔಷಧ ಪಡೆದವರ ಎತ್ತರದ ಬೆಳವಣಿಗೆ ಸರಾಸರಿ 1.1 ಸೆಂಟಿಮೀಟರ್ ಹಿಂದಿತ್ತು. ಮುನ್ಸೂಚನೆಯಿಂದ ರೋಗದ ಹಾದಿ ಬದಲಾಗದಿರುವಾಗ, ಆಸ್ತಮಾ ಬರಲಿಕ್ಕಿಲ್ಲದ ಮಗುವಿಗೆ ವರ್ಷಗಟ್ಟಲೆ ಸ್ಟೆರಾಯ್ಡ್ ಹಚ್ಚಿಬಿಡುವ ಅಪಾಯವನ್ನು ನಾನು ಸಣ್ಣದೆಂದು ಎಣಿಸಲಾರೆ.

ಬಾಷ್ಪಶೀಲ ಸಂಯುಕ್ತಗಳ ಪರೀಕ್ಷೆಗೆ ಹೋಲಿಸಿದರೆ ಉಸಿರಿನ ನೈಟ್ರಿಕ್ ಆಕ್ಸೈಡ್ ಹಳೆಯದಾದರೂ ಸರಳ ಅಳತೆ. ಸ್ವಿಟ್ಜರ್ಲೆಂಡ್‌ನ ಸಿಂಗರ್ ಮತ್ತು ಸಂಗಡಿಗರು 2013ರಲ್ಲಿ 3ರಿಂದ 47 ತಿಂಗಳ 391 ಮಕ್ಕಳ ಮೇಲಿನ ಅಧ್ಯಯನದಲ್ಲಿ, ಈ ಪ್ರಮಾಣ ಹೆಚ್ಚಿದ್ದವರಿಗೆ ಶಾಲಾ ವಯಸ್ಸಿನಲ್ಲಿ ಆಸ್ತಮಾ ಬರುವ ಸಂಭವ ಹೆಚ್ಚೆಂದೂ, ರೋಗಚರಿತ್ರೆಯ ಜೊತೆಗೆ ಇದು ಸ್ವತಂತ್ರ ಸುಳಿವೆಂದೂ ತೋರಿಸಿದರು. ಅಳೆಯುವ ಕಷ್ಟ ಇಲ್ಲೂ ಇದೆ. ಸೆಕೆಂಡಿಗೆ 50 ಮಿಲಿಲೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಒಂದೇ ಸಮ ಊದುವುದು ಎರಡು ವರ್ಷದ ಮಗುವಿನ ಕೈಲಾಗದು. ಸಹಜ ಉಸಿರಾಟದಲ್ಲಿ ಅಳೆದರೆ ಮೂಗಿನ ಗಾಳಿ ಬೆರೆಯುತ್ತದೆ, ಅದರಲ್ಲಿ ಈ ಅನಿಲ ಬಹಳ ಹೆಚ್ಚು.

ಬಾಷ್ಪಶೀಲ ಸಂಯುಕ್ತಗಳ ಪರೀಕ್ಷೆ ನೈಟ್ರಿಕ್ ಆಕ್ಸೈಡ್ ಅಳತೆಗಿಂತ ಮೇಲೋ ಎಂಬುದನ್ನು ಈ ಲೇಖನ ತೀರ್ಮಾನಿಸುವುದಿಲ್ಲ. ಅದಕ್ಕೆ ಸಾಮಾನ್ಯ ಚಿಕಿತ್ಸಾಲಯಗಳಿಗೆ ಬರುವ ಮಕ್ಕಳಲ್ಲೇ ಎರಡನ್ನೂ ಒಟ್ಟಿಗೆ ಅಳೆದು, ಉಸಿರಿನ ಫಲಿತಾಂಶ ತಿಳಿಯದ ವೈದ್ಯರಿಂದ ಆರನೆಯ ವಯಸ್ಸಿನಲ್ಲಿ ರೋಗನಿರ್ಣಯ ಮಾಡಿಸಬೇಕು. ಆರಕ್ಕೆ ಹಚ್ಚಿದ ಆಸ್ತಮಾ ಎಂಬ ಹೆಸರು ಹದಿನಾರಕ್ಕೂ ಉಳಿಯುತ್ತದೆಯೇ ಎಂಬುದು ಆ ನಂತರದ ಪ್ರಶ್ನೆ.