ಪುಸ್ತಕ ಮುಚ್ಚಿದ ಮೇಲಿನ ಓದು

ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ಮತ್ತೆ ಮತ್ತೆ ತಿರುವಿ ಹಾಕುವುದು, ಮುಖ್ಯವೆನಿಸಿದ ಸಾಲಿಗೆಲ್ಲ ಹೈಲೈಟರ್ ಬಳಿಯುವುದು: ಕಾಲೇಜು ಹುಡುಗರ ಓದು ಬಹುಪಾಲು ಇಷ್ಟೇ. ಇದಕ್ಕಿಂತ ಒಳ್ಳೆಯ ದಾರಿಯಿದೆ ಎಂದು ಮನೋವಿಜ್ಞಾನಿಗಳು ಹೇಳುತ್ತ ಬಂದು ನೂರು ವರ್ಷ ದಾಟಿತು.

ಶುರು ಮಾಡಿದವನು ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್. 1885ರಲ್ಲಿ ಬಂದ ಅವನ ಪುಸ್ತಕದ ಪ್ರಯೋಗಗಳಿಗೆಲ್ಲ ಒಳಗಾದವನೂ ಅವನೇ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತೆಂದು ಲೆಕ್ಕವಿಟ್ಟ. ಮರೆವು ಮೊದಲ ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ನುಂಗುತ್ತಿತ್ತು. ಒಂದೇ ಸಮನೆ 68 ಸಲ ಹೇಳಿಕೊಂಡು ಪಡೆದದ್ದನ್ನು ಮೂರು ದಿನಕ್ಕೆ ಹಂಚಿದರೆ 38 ಸಲದಲ್ಲೇ ಪಡೆಯಬಹುದು ಎಂಬುದೂ ಅವನಿಗೆ ಕಂಡಿತ್ತು.

ಮುಂದಿನ ಹೆಜ್ಜೆಗಳು ಶಾಲಾ ಮಕ್ಕಳ ನಡುವೆ ಬಿದ್ದವು. 1917ರಲ್ಲಿ ಆರ್ಥರ್ ಗೇಟ್ಸ್, 1939ರಲ್ಲಿ ಅಯೋವಾದ ಮೂರು ಸಾವಿರಕ್ಕೂ ಹೆಚ್ಚು ಆರನೇ ತರಗತಿ ಮಕ್ಕಳೊಂದಿಗೆ ಹರ್ಬರ್ಟ್ ಸ್ಪಿಟ್ಜರ್, ಇಬ್ಬರೂ ಕಂಡದ್ದು ಒಂದೇ: ನೆನಪಿಸಿಕೊಳ್ಳುವ ಯತ್ನವೇ ನೆನಪನ್ನು ಗಟ್ಟಿ ಮಾಡುತ್ತದೆ. 1946ರಲ್ಲಿ ಒಹಾಯೊದ ಫ್ರಾನ್ಸಿಸ್ ರಾಬಿನ್ಸನ್ ಕಾಲೇಜು ವಿದ್ಯಾರ್ಥಿಗಳಿಗೆ ಐದು ಹಂತದ ವಿಧಾನ ಕೊಟ್ಟ: ಕಣ್ಣಾಡಿಸು, ಪ್ರಶ್ನೆ ಹಾಕಿಕೋ, ಓದು, ನೋಡದೆ ಹೇಳಿಕೋ, ಮತ್ತೆ ನೋಡು. ಇದರ ತಿರುಳು ನಾಲ್ಕನೆಯ ಹಂತದಲ್ಲಿದೆ. ಕಷ್ಟವಾದ್ದರಿಂದ ಜನ ಮೊದಲು ಕೈಬಿಡುವುದೂ ಅದನ್ನೇ.

ಈ ತಿಳಿವಳಿಕೆ ಬಹುಕಾಲ ಮೂಲೆಗೆ ಬಿದ್ದಿತ್ತು. ಪರೀಕ್ಷೆಯೆಂದರೆ ಕಲಿತದ್ದನ್ನು ಅಳೆಯುವ ಕೋಲು, ಅದರಿಂದಲೇ ಕಲಿಕೆ ಆಗುತ್ತದೆಂದು ಯಾರು ನಂಬುತ್ತಾರೆ? 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಪದವಿ ವಿದ್ಯಾರ್ಥಿಗಳ ಕೈಗೆ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಸರದಿಯಲ್ಲೂ ಓದಿತು, ಸರಾಸರಿ 14 ಸಲ. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರರಲ್ಲಿ ನೆನಪಾದದ್ದನ್ನು ಖಾಲಿ ಹಾಳೆಯ ಮೇಲೆ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು: ಅವರಿಗೆ ಶೇ. 83 ನೆನಪಿತ್ತು, ಬರೆದವರಿಗೆ ಶೇ. 71. ವಾರ ಕಳೆದಾಗ ಓದಿದವರು ಶೇ. 40ಕ್ಕೆ ಕುಸಿದರು, ಬರೆದವರು ಶೇ. 61ರಲ್ಲಿ ನಿಂತರು. ತಮಾಷೆಯೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿದ್ದದ್ದು ಬರೇ ಓದಿದವರಿಗೆ.

2013ರಲ್ಲಿ ಮನೋವಿಜ್ಞಾನಿ ಡನ್ಲಾಸ್ಕಿ ಮತ್ತು ಸಂಗಡಿಗರು ಹತ್ತು ಅಧ್ಯಯನ ವಿಧಾನಗಳನ್ನು ಒರೆಗೆ ಹಚ್ಚಿದಾಗ ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೇ: ಸ್ವಪರೀಕ್ಷೆ ಮತ್ತು ಅಂತರ ಬಿಟ್ಟ ಓದು. ಹೈಲೈಟ್, ಮರು ಓದು ಕೆಳಗಿನ ಸಾಲಿಗೆ ಹೋದವು. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ವಿದ್ಯಾರ್ಥಿಗಳನ್ನು ವಿಂಗಡಿಸುವ ಜನಪ್ರಿಯ ಪದ್ಧತಿಗೆ ತಕ್ಕ ಪುರಾವೆಯಿಲ್ಲವೆಂದು 2008ರಲ್ಲೇ ಪ್ಯಾಷ್ಲರ್ ತಂಡ ಹೇಳಿತ್ತು. ತರಬೇತಿ ಶಿಬಿರಗಳಲ್ಲಿ ಅದಿನ್ನೂ ಬಿಕರಿಯಾಗುತ್ತಿದೆ.

ಗೈಡ್‌ನ ಸಿದ್ಧ ಉತ್ತರ ಓದುವುದೂ ಕೆಳಗಿನ ಸಾಲಿನ ಆ ಮರು ಓದೇ. ಹಳೆಯ ಪ್ರಶ್ನೆಪತ್ರಿಕೆ ಪ್ರಯೋಜನಕ್ಕೆ ಬರುವುದು ಗೈಡ್ ಮುಚ್ಚಿಟ್ಟು ಬರೆದಾಗ. ಇನ್ನು ಅಂತರದ ಮಾತು: ಎಷ್ಟು ದಿನ ಬಿಟ್ಟು ಮತ್ತೆ ನೋಡಬೇಕು ಎಂಬುದನ್ನು 2008ರಲ್ಲಿ ಸೆಪೆಡಾ ತಂಡ ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿತು. ವಾರದ ಮಟ್ಟಿಗೆ ನೆನಪಿರಬೇಕಾದರೆ ಒಂದು ದಿನದ ಅಂತರ ಸಾಕು. ಹೆಚ್ಚುಕಡಿಮೆ ವರ್ಷದವರೆಗೆ ಉಳಿಯಬೇಕಾದರೆ ಮೂರು ವಾರ ಬೇಕು.